ಪ್ರತಿಕ್ರಿಯೆ: ವೆನ್‌ಹ್ಯಾಸ್ಟನ್ ಚರ್ಚಿನ ಚಿತ್ರದಲ್ಲಿ ಖಾಲಿ ಜಾಗ ಯಾಕೆ?

ಇಂಗ್ಲೆಂಡಿನ ಸಫೋಕ್‌ನಲ್ಲಿರುವ ಈ ಚರ್ಚಿನ ಅಂತಿಮ ತೀರ್ಪಿನ (ಲೋಕದ ಕೊನೆಯಲ್ಲಿ ದೇವರು ಎಲ್ಲರಿಗೂ ತೀರ್ಪು ಕೊಡುವ ದೃಶ್ಯ) ಚಿತ್ರದಲ್ಲಿ ಶಿಲುಬೆ ಮತ್ತು ಇಬ್ಬರು ಮನುಷ್ಯರ ಆಕಾರ ಖಾಲಿ ಇದೆ, ಯಾರಾದರೂ ಕೆರೆದು ಹಾಕಿದರಾ ಅಂತ ಫೋಟೋ ಹಾಕಿ ಕೇಳಿದ್ದೀರಿ. ಇಲ್ಲ, ಅಲ್ಲಿ ಬಣ್ಣವನ್ನೇ ಹಚ್ಚಿರಲಿಲ್ಲ. ಸುಮಾರು 1500ರಲ್ಲಿ ಮರದ ಹಲಗೆಗಳ ಮೇಲೆ ಬರೆದ ಚಿತ್ರ ಇದು. ಆ ಜಾಗದಲ್ಲಿ ಶಿಲುಬೆಗೇರಿದ ಯೇಸು, ಪಕ್ಕದಲ್ಲಿ ಅವನ ತಾಯಿ ಮೇರಿ ಮತ್ತು ಶಿಷ್ಯ ಯೋಹಾನರ ಮರದ ಮೂರ್ತಿಗಳಿದ್ದವು. ಮೂರ್ತಿ ಮುಚ್ಚುವ ಕಡೆ ಬಣ್ಣ ಯಾಕೆ ಬೇಕು, ಅಲ್ವಾ?

ಆಮೇಲೆ ಧರ್ಮಸುಧಾರಣೆ ಬಂತು, ಅಂದರೆ ಚರ್ಚಿನಲ್ಲಿ ಮೂರ್ತಿ, ಚಿತ್ರಗಳ ಆರಾಧನೆಯನ್ನು ವಿರೋಧಿಸಿದ ಕ್ರೈಸ್ತ ಸುಧಾರಣಾ ಚಳವಳಿ. 1547ರಲ್ಲಿ ಪಟ್ಟಕ್ಕೆ ಬಂದ ಇಂಗ್ಲೆಂಡಿನ ರಾಜ ಆರನೇ ಎಡ್ವರ್ಡ್ ಕಾಲದಲ್ಲಿ ಚರ್ಚುಗಳಿಂದ ಇಂಥ ಮೂರ್ತಿಗಳನ್ನು ತೆಗೆಸಿದರು. ಇಲ್ಲಿ ಚಿತ್ರಕ್ಕೂ ಸುಣ್ಣ ಬಳಿದು, ಮೇಲೆ ಬೈಬಲ್ ವಾಕ್ಯ ಮತ್ತು ರಾಜಲಾಂಛನ ಬರೆದರು.

ನನಗೆ ತುಂಬಾ ಇಷ್ಟವಾದದ್ದು ಮುಂದಿನ ಕಥೆ. 1892ರಲ್ಲಿ ದುರಸ್ತಿ ಮಾಡುವಾಗ ಹಲಗೆಗಳನ್ನು ಹಳೇ ಮರ ಅಂತ ಹೊರಗೆ ಹಾಕಿದ್ದರು. ರಾತ್ರಿ ಮಳೆ ಬಂತು. ಸುಣ್ಣ ತೊಳೆದುಹೋಗಿ ಬಣ್ಣ ಕಾಣಿಸಿತು! ಸುಣ್ಣವೇ ಅದನ್ನು ಇಷ್ಟು ಚೆನ್ನಾಗಿ ಕಾಪಾಡಿತ್ತು ಅಂತ ನನ್ನ ಅನಿಸಿಕೆ. ನಿಮ್ಮ ಫೋಟೋದಲ್ಲಿ ಸ್ವರ್ಗದ ಬಾಗಿಲು ಕಾಯುವ ಸಂತ ಪೇತ್ರನ ಮುಂದೆ ನಿಂತವರನ್ನೂ ನೋಡಿ. ರಾಜ, ರಾಣಿ, ಬಿಷಪ್ ಯಾರಿಗೂ ಮೈಮೇಲೆ ಬಟ್ಟೆಯಿಲ್ಲ. ಯಾರು ಯಾರು ಅಂತ ತಲೆಯ ಮೇಲಿನ ಕಿರೀಟ, ಟೋಪಿಯಿಂದಲೇ ಗುರುತಿಸಬೇಕು.