ಆಪ್ ನಾರ್ಮಲ್ ಅನ್ನತ್ತೆ, ಸ್ಕೂಲ್ ಕಾರ್ಡ್ ಓವರ್‌ವೇಯ್ಟ್ ಅನ್ನತ್ತೆ

ಪ್ರಶ್ನೆ: ಡಾಕ್ಟ್ರೇ, ನನ್ ಮಗನಿಗೆ ಈಗಷ್ಟೇ 9 ತುಂಬ್ತು, ಎತ್ತರ 130 ಸೆಂ.ಮೀ., ತೂಕ 33 ಕೆಜಿ. ಸ್ಕೂಲ್ ಹೆಲ್ತ್ ಕಾರ್ಡಲ್ಲಿ ಓವರ್‌ವೇಯ್ಟ್ ಅಂತ ಬರೆದಿದಾರೆ, ಮೊಬೈಲ್ ಆಪಲ್ಲಿ ಹಾಕಿದ್ರೆ ಬಿಎಂಐ (ಕೆಜಿ ತೂಕವನ್ನ ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದ್ರೆ ಬರೋ ಅಂಕಿ) 19.5, ನಾರ್ಮಲ್ ಅಂತಿದೆ. ನಮ್ಮತ್ತೆ ಅಂತೂ ಮಗು ಈಗ ಮೈ ಹಿಡ್ಕೊಂಡಿದೆ, ಕಣ್ಣು ಹಾಕ್ಬೇಡ ಅಂತಾರೆ. ಪೇಪರಲ್ಲೂ ದಪ್ಪ ಮಕ್ಕಳ ಪರ್ಸೆಂಟೇಜ್ ಒಂದೊಂದ್ಸಲ ಒಂದೊಂದು ಥರ ಬರತ್ತೆ. ಯಾವ್ದನ್ನ ನಂಬ್ಲಿ?
– ದಾವಣಗೆರೆ ಓದುಗರು

ಉತ್ತರ: ಸ್ಕೂಲ್ ಕಾರ್ಡನ್ನ ನಂಬಿ ಮೇಡಂ. ಆಪ್ ಲೆಕ್ಕ ತಪ್ಪಿಲ್ಲ, ಆದ್ರೆ ಅದು ನಿಮ್ಮ ಹುಡುಗನನ್ನ ದೊಡ್ಡೋರ ಗೆರೆಗೆ ಹಚ್ಚಿ ನೋಡಿದೆ. ಮಕ್ಕಳಿಗೆ ಬಿಎಂಐ ವಯಸ್ಸಿನ ಜೊತೆ ಬದಲಾಗತ್ತೆ, ಗಂಡು ಹೆಣ್ಣಿಗೂ ಬೇರೆ, ಅದಕ್ಕೇ ಚಾರ್ಟ್ ಬೇಕು. ಡಬ್ಲ್ಯೂಎಚ್‌ಒ ಚಾರ್ಟ್ ಪ್ರಕಾರ 9 ವರ್ಷದ ಹುಡುಗನಿಗೆ ಸುಮಾರು 18 ದಾಟಿದ್ರೆ ಓವರ್‌ವೇಯ್ಟ್, 20.5 ದಾಟಿದ್ರೆ ಒಬೆಸಿಟಿ. ನಮ್ಮ ಮಕ್ಕಳ ಡಾಕ್ಟರ್‌ಗಳ ಸಂಘ ಐಎಪಿದು 2015ರ ಚಾರ್ಟ್ ಇದೆ, ಅದನ್ನೇ ಕ್ಲಿನಿಕ್ಕಲ್ಲಿ ಕೇಳಿ.

ಆದ್ರೆ ಅಳತೆ ಸರಿಯಾಗಿ ತಗೊಂಡಿದಾರಾ ಅಂತ ಮೊದ್ಲು ನೋಡ್ಬೇಕು. ಲೈನಲ್ಲಿ ನೂರಾರು ಮಕ್ಕಳು, ಸ್ವೆಟರ್ ಶೂ ಸಮೇತ ತೂಕದ ಮೆಷಿನ್ ಹತ್ತಿಸಿ 34 ಅಂತ ಬರ್ಕೊಂಡು, ಆಮೇಲೆ ಶೂ ಬಿಚ್ಚಿಸಿ ಗೋಡೆಗೆ ನಿಲ್ಸಿದಾಗ ಹುಡುಗ ಬೆನ್ನು ಬಗ್ಗಿಸಿ 128 ಬಂತು ಅನ್ಕೊಳ್ಳಿ, ಬಿಎಂಐ 20.75 ಆಗಿ ಅದೇ ಮಗು ಒಬೆಸಿಟಿ ಪಟ್ಟಿಗೆ ಹೋಗತ್ತೆ! ಹೆಣ್ಮಕ್ಕಳಿಗೆ ತುರುಬು, ಹೇರ್‌ಬ್ಯಾಂಡ್ ಬೇರೆ ಎತ್ತರ ಜಾಸ್ತಿ ತೋರ್ಸತ್ತೆ. ಹಿಮ್ಮಡಿ ಗೋಡೆಗೆ ತಾಗ್ಬೇಕು, ನೋಟ ನೇರ ಇರ್ಬೇಕು. ನಿಮ್ಮತ್ತೆಯೋರಿಗೆ ಹೇಳಿ, ಕಣ್ಣಳತೆ ಇಲ್ಲಿ ನಡೆಯಲ್ಲ ಅಂತ. ಮೂರು ತಿಂಗಳು ಬಿಟ್ಟು ಮತ್ತೆ ಅಳೆಸಿ, ಈಗ್ಲೇ ಊಟ ಕಮ್ಮಿ ಮಾಡೋಕ್ ಹೋಗ್ಬೇಡಿ. ಬೇಕರಿ ತಿಂಡಿ, ಜ್ಯೂಸ್ ಕಮ್ಮಿ ಮಾಡಿ, ಸಂಜೆ ಹೊರಗೆ ಆಡೋಕ್ ಬಿಡಿ ಸಾಕು.

ಇನ್ನು ಪೇಪರ್ ಲೆಕ್ಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ ಶೇ. 3.4 ಅಂದಿದ್ದು 5 ವರ್ಷದೊಳಗಿನ ಮಕ್ಕಳ ಬಗ್ಗೆ ಮಾತ್ರ (2015-16ರಲ್ಲಿ 2.1 ಇತ್ತು), ನಿಮ್ಮ ಮಗನ ವಯಸ್ಸಿನೋರು ಆ ಲೆಕ್ಕದಲ್ಲೇ ಇಲ್ಲ. ಅಷ್ಟೇ ಅಲ್ಲ, ಆ ಪುಟಾಣಿಗಳಿಗೆ ಎತ್ತರಕ್ಕೆ ತಕ್ಕ ತೂಕ ನೋಡಿ ಪ್ಲಸ್ 2 ಎಸ್‌ಡಿ (ಚಾರ್ಟಿನ ಮಧ್ಯದ ಗೆರೆಯಿಂದ ಮೇಲಿನ ಎರಡನೇ ಗೆರೆ) ದಾಟಿದ್ರೆ ಮಾತ್ರ ಓವರ್‌ವೇಯ್ಟ್ ಅಂತಾರೆ, 5 ದಾಟಿದ್ಮೇಲೆ ಪ್ಲಸ್ 1ಕ್ಕೇ ಅಂತಾರೆ. ಸಿಟಿ ಪ್ರೈವೇಟ್ ಸ್ಕೂಲಲ್ಲಷ್ಟೇ ಅಳೆದ್ರೆ ಇನ್ನೂ ಜಾಸ್ತಿ ಬರತ್ತೆ, ಅದನ್ನ ಇಡೀ ದೇಶದ್ದು ಅಂತ ಹೆಡ್‌ಲೈನ್ ಹಾಕೋರೂ ಇದಾರೆ, ಅದಕ್ಕೆ ಯಾವ ವಯಸ್ಸು, ಯಾವ ಚಾರ್ಟ್, ಎಲ್ಲಿ ಅಳೆದಿದ್ದು ಅಂತ ಒಳಗಿನ ಪ್ಯಾರಾದಲ್ಲಿ ಹುಡುಕಿ, ಬರೆದಿಲ್ಲ ಅಂದ್ರೆ ಪುಟ ತಿರುಗಿಸಿ.