ಕೌಂಟರ್-ಸ್ಟ್ರೈಕ್ 2: ಆ 19 ಸಾವುಗಳನ್ನು ನಿಲ್ಲಿಸಿ ನೋಡಿದಾಗ

ಪ್ರಶ್ನೆ: ಎಂಟು ತಿಂಗಳಿಂದ ಕೌಂಟರ್-ಸ್ಟ್ರೈಕ್ 2 (ಐದೈದು ಜನರ ಎರಡು ತಂಡಗಳು ಗುಂಡು ಹಾರಿಸಿ ಕಾದಾಡುವ ಕಂಪ್ಯೂಟರ್ ಆಟ) ಆಡುತ್ತಿದ್ದೇನೆ. ದಿನಕ್ಕೆ ಎರಡು ಮೂರು ಗಂಟೆ ಕೂರುತ್ತೇನೆ. ಆದರೂ ಪ್ರೀಮಿಯರ್ ರೇಟಿಂಗ್ (ಸ್ಪರ್ಧೆಯ ಮ್ಯಾಚ್‌ಗಳಲ್ಲಿ ಸಿಗುವ ಅಂಕ) 4000 ದಾಟುತ್ತಿಲ್ಲ. ಎದುರಾಳಿ ಕಣ್ಣಿಗೆ ಬೀಳುವಷ್ಟರಲ್ಲಿ ನಾನು ಸತ್ತಿರುತ್ತೇನೆ. ನನ್ನ ಕೈ ನಿಧಾನವೇನೋ. ಹೊಸ ಮೌಸ್, ಕೀಬೋರ್ಡ್ ತಗೊಂಡರೆ ಸರಿಹೋಗುತ್ತಾ? ಮೊನ್ನೆ ಸೋತ ಮ್ಯಾಚಿನ ಡೆಮೊ (ರೆಕಾರ್ಡಿಂಗ್) ಕಳಿಸಿದ್ದೇನೆ.

ಉತ್ತರ: ಡೆಮೊ ಕಳಿಸಿದ್ದು ಒಳ್ಳೆಯದಾಯಿತು. ಪೂರ್ತಿ ನೋಡಿದೆ. 13-9ರಲ್ಲಿ ಸೋತಿದ್ದೀರಿ, 19 ಸಲ ಸತ್ತಿದ್ದೀರಿ. ಪ್ರತಿ ಸಲವೂ ಅಲ್ಲೇ ನಿಲ್ಲಿಸಿ, ಐದು ಸೆಕೆಂಡ್ ಹಿಂದಕ್ಕೆ ಹೋಗಿ ಮತ್ತೆ ನೋಡಿದೆ. ಕೈ ನಿಧಾನವಾಗಿ ಸತ್ತದ್ದು ಒಂದೇ ಒಂದು ಸಲ. ಮೂರು ಸಲ ರೀಲೋಡ್ ಮಾಡುತ್ತಾ ಸಿಕ್ಕಿಬಿದ್ದಿದ್ದೀರಿ. ನಾಲ್ಕು ಸಲ ಓಡುತ್ತಲೇ ಗುಂಡು ಹಾರಿಸಿದ್ದೀರಿ. ಉಳಿದ 11 ಸಲವೂ ಒಂದೇ ಕತೆ: ಕ್ರಾಸ್‌ಹೇರ್ (ಪರದೆಯ ನಡುವೆ ಗುರಿ ತೋರಿಸುವ ಗುರುತು) ನೆಲ ನೋಡುತ್ತಿತ್ತು.

ಆರನೇ ರೌಂಡ್ ತೆಗೆದು ನೋಡಿ. ಡಸ್ಟ್ 2 ಮ್ಯಾಪ್, ಲಾಂಗ್ ಎಂಬ ಉದ್ದ ದಾರಿಗೆ ಹೋಗುವ ಬಾಗಿಲು, ಲಾಂಗ್ ಡೋರ್ಸ್. ಬಾಗಿಲು ದಾಟುತ್ತಿದ್ದೀರಿ. ಕ್ರಾಸ್‌ಹೇರ್ ನಿಮ್ಮ ಮುಂದೆ ನಾಲ್ಕು ಹೆಜ್ಜೆ ದೂರದ ಮರಳಿನ ಮೇಲಿದೆ. ಮೂಲೆಯಿಂದ ಒಬ್ಬ ಹೊರಗೆ ಬಂದ. ನೀವು ಮೌಸ್ ಎಳೆದು ಮೊದಲು ಅವನ ಕಾಲಿನ ಹತ್ತಿರ ಬಂದಿರಿ, ಆಮೇಲೆ ಎದೆಗೆ. ತಲೆಗೆ ಬರುವ ಮೊದಲೇ ಮುಗಿಯಿತು. ಅವನೇನು ನಿಮಗಿಂತ ಚುರುಕಿರಲಿಲ್ಲ. ಅವನ ಕ್ರಾಸ್‌ಹೇರ್ ಮೊದಲೇ ತಲೆಯ ಎತ್ತರದಲ್ಲಿತ್ತು, ಒತ್ತಿದ, ಅಷ್ಟೇ. ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತಲು ನಮಗೆಲ್ಲ ಹೆಚ್ಚುಕಮ್ಮಿ ಕಾಲು ಸೆಕೆಂಡ್ ಬೇಕೇ ಬೇಕು. ಅದರ ಮೇಲೆ ನೆಲದಿಂದ ತಲೆವರೆಗೆ ಮೌಸ್ ಎಳೆಯುವ ಸಮಯವನ್ನೂ ನೀವು ಸೇರಿಸಿಕೊಳ್ಳುತ್ತಿದ್ದೀರಿ. ಹೊಸ ಮೌಸ್ ತಂದರೂ ಅದು ನೆಲವನ್ನೇ ನೋಡುತ್ತದೆ, ಅಲ್ವಾ?

ಈ ಆಟದಲ್ಲಿ ನಿಂತಿರುವ ಎಲ್ಲರ ತಲೆಯೂ ಒಂದೇ ಎತ್ತರ. ಹಾಗಾಗಿ ಇದನ್ನು ಕಲಿಯಬಹುದು. ದಿನವೂ ಹತ್ತು ನಿಮಿಷ ಖಾಲಿ ಮ್ಯಾಪ್ ತೆರೆದು ಒಬ್ಬರೇ ನಡೆಯಿರಿ. ಗುಂಡು ಹಾರಿಸಬೇಡಿ. ಪ್ರತಿ ಮೂಲೆ ಬಂದಾಗಲೂ ಅಲ್ಲಿ ಯಾರಾದರೂ ನಿಂತಿದ್ದರೆ ತಲೆ ಎಲ್ಲಿರುತ್ತಿತ್ತು ಅಂತ ಅಂದಾಜು ಮಾಡಿ, ಕ್ರಾಸ್‌ಹೇರ್ ಅಲ್ಲೇ ಇಟ್ಟುಕೊಂಡು ಮುಂದೆ ಹೋಗಿ. ಗೋಡೆಯ ಅಂಚಿಗೆ ಅಂಟಿಸಬೇಡಿ, ಸ್ವಲ್ಪ ಜಾಗ ಬಿಡಿ. ಹೊರಗೆ ಬರುವವನು ಒಂದು ಹೆಜ್ಜೆ ಹಾಕಿಯೇ ಬರುತ್ತಾನೆ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ಹೊಸಬರಿಗೆ ನಾನು ಒಂದೇ ಒಂದು ಅಭ್ಯಾಸ ಹೇಳಬೇಕೆಂದರೆ ಇದನ್ನೇ ಹೇಳುತ್ತೇನೆ. ಎಕೆ-47ರ ಒಂದು ಗುಂಡು ತಲೆಗೆ ಬಿದ್ದರೆ ಹೆಲ್ಮೆಟ್ ಇದ್ದರೂ ಎದುರಾಳಿ ಉಳಿಯುವುದಿಲ್ಲ. ಕ್ರಾಸ್‌ಹೇರ್ ಸರಿಯಾದ ಎತ್ತರದಲ್ಲಿದ್ದರೆ ಅರ್ಧ ಕೆಲಸ ಆದಂತೆ.

ಇನ್ನು ಓಡುತ್ತಾ ಹೊಡೆದ ಆ ನಾಲ್ಕು ಸಲ. ರೈಫಲ್ ಹಿಡಿದು ಓಡುವಾಗ ಗುಂಡು ಎಲ್ಲೆಲ್ಲೋ ಹೋಗುತ್ತದೆ. ಎಡಕ್ಕೆ ಹೋಗುವ ಎ ಕೀ ಬಿಟ್ಟ ತಕ್ಷಣವೂ ನೀವು ಪೂರ್ತಿ ನಿಂತಿರುವುದಿಲ್ಲ, ಸ್ವಲ್ಪ ಜಾರುತ್ತೀರಿ. ಎಡಕ್ಕೆ ಹೋಗುತ್ತಿದ್ದರೆ ಎ ಬಿಟ್ಟು, ಬಲಕ್ಕೆ ಹೋಗುವ ಡಿ ಒಂದು ಸಲ ತಟ್ಟಿ, ಕಾಲು ಅಲ್ಲೇ ನಿಲ್ಲುತ್ತದೆ, ಆಗ ಹೊಡೆಯಿರಿ. ಇದೇ ಕೌಂಟರ್-ಸ್ಟ್ರೇಫ್. ಇದನ್ನು ತಾನಾಗಿಯೇ ಮಾಡಿಕೊಡುವ ಕೀಬೋರ್ಡುಗಳು ಬಂದಿವೆ. ಅದರ ಆಸೆಗೆ ದುಡ್ಡು ಹಾಕಬೇಡಿ. 2024ರ ಆಗಸ್ಟ್‌ನಲ್ಲಿ ಈ ಆಟದ ಕಂಪನಿ ವಾಲ್ವ್ ತನ್ನ ಸರ್ವರ್‌ಗಳಲ್ಲಿ ಅಂಥ ಸೌಲಭ್ಯವನ್ನು ನಿಷೇಧಿಸಿದೆ. ಬಳಸುತ್ತಿರುವುದು ಗೊತ್ತಾದರೆ ಮ್ಯಾಚ್‌ನಿಂದ ಹೊರಗೆ ಹಾಕುತ್ತದೆ. ಬೆರಳಿಗೇ ಕಲಿಸಿ, ಬರುತ್ತದೆ.

ಎರಡನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಮೊದಲ ಎರಡು ವಾರ ಕ್ರಾಸ್‌ಹೇರ್ ಮಾತ್ರ. ರೇಟಿಂಗ್ ಸ್ವಲ್ಪ ಇಳಿದರೂ ಇಳಿಯಲಿ.

ಪ್ರಶ್ನೆ: ಮೌಸಿನ ಡಿಪಿಐ (ಅದರ ಸೂಕ್ಷ್ಮತೆಯ ಅಳತೆ) 800, ಆಟದೊಳಗಿನ ಸೆನ್ಸಿಟಿವಿಟಿ (ಮೌಸ್ ಸರಿಸಿದಾಗ ನೋಟ ತಿರುಗುವ ವೇಗ) 3 ಇಟ್ಟಿದ್ದೇನೆ. ವಾರಕ್ಕೊಮ್ಮೆ ಬದಲಾಯಿಸಿ ನೋಡುತ್ತೇನೆ, ಯಾವುದೂ ಕೈಗೆ ಕೂರುತ್ತಿಲ್ಲ. ಸರಿಯಾದ ಸಂಖ್ಯೆ ಯಾವುದು?

ಉತ್ತರ: ವಾರಕ್ಕೊಮ್ಮೆ ಬದಲಾಯಿಸುವುದೇ ತೊಂದರೆ. ಕೈಗೆ ಒಂದು ಅಳತೆ ರೂಢಿಯಾಗುವ ಹೊತ್ತಿಗೆ ನೀವು ಅದನ್ನು ಅಳಿಸಿಬಿಡುತ್ತೀರಿ. ಆದರೆ ನೀವು ಇಟ್ಟುಕೊಂಡಿರುವುದು ತುಂಬಾ ಜಾಸ್ತಿ. ಈ ಸೆಟ್ಟಿಂಗ್‌ನಲ್ಲಿ ಮೌಸ್ ಸುಮಾರು 17 ಸೆಂಟಿಮೀಟರ್ ಸರಿದರೆ ನೀವು ಪೂರ್ತಿ ಒಂದು ಸುತ್ತು ತಿರುಗುತ್ತೀರಿ. ಸೆನ್ಸಿಟಿವಿಟಿ 1ಕ್ಕೆ ಇಳಿಸಿದರೆ ಅದೇ ಸುತ್ತಿಗೆ ಸುಮಾರು 52 ಸೆಂಟಿಮೀಟರ್ ಬೇಕು. ದೂರದ ತಲೆಯ ಮೇಲೆ ಕೂದಲೆಳೆಯಷ್ಟು ಸರಿಸಬೇಕಾದಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. 1ರಿಂದ ಶುರು ಮಾಡಿ. ಬರೀ ಮಣಿಕಟ್ಟಿನಿಂದ ಆಗುವುದಿಲ್ಲ, ಇಡೀ ತೋಳು ಆಡಿಸಬೇಕು, ಅದಕ್ಕೆ ಮೇಜಿನ ಮೇಲೆ ಜಾಗ ಮಾಡಿಕೊಳ್ಳಿ. ಮೊದಲ ಮೂರು ದಿನ ಹಿಂದೆ ತಿರುಗೋಕೇ ಆಗ್ತಿಲ್ಲ ಅನಿಸುತ್ತದೆ. ಒಂದು ತಿಂಗಳು ಆ ಸಂಖ್ಯೆ ಮುಟ್ಟಬೇಡಿ.

ಪ್ರಶ್ನೆ: ನನಗೆ ಎಕೆ ಬಿಟ್ಟು ಬೇರೇನೂ ಬರುವುದಿಲ್ಲ. ರೌಂಡಿನ ಶುರುವಿನಲ್ಲಿ ಆಟದ ದುಡ್ಡಿದ್ದಾಗೆಲ್ಲ ಅದನ್ನೇ ತಗೊಳ್ತೇನೆ. ಟೀಮಿನವರು ಮೈಕ್‌ನಲ್ಲಿ ಬೈತಾರೆ. ಮೈಕ್ ಆಫ್ ಮಾಡಿಕೊಂಡು ಆಡಬಹುದಾ?

ಉತ್ತರ: ಬೈಯುವುದು ತಪ್ಪೇ. ಸ್ಕೋರ್‌ಬೋರ್ಡ್‌ನಲ್ಲಿ ಆ ಒಬ್ಬರನ್ನು ಮಾತ್ರ ಮ್ಯೂಟ್ ಮಾಡಿ. ನಿಮ್ಮ ಮೈಕ್ ಮಾತ್ರ ಆರಿಸಬೇಡಿ. ಸತ್ತ ಮೇಲೂ "ಲಾಂಗ್‌ನಲ್ಲಿ ಇಬ್ಬರು, ಒಬ್ಬನಿಗೆ 80 ಡ್ಯಾಮೇಜ್ ಆಗಿದೆ" ಅಂತ ಒಂದು ಮಾತು ಹೇಳಿದರೆ ಉಳಿದ ನಾಲ್ಕು ಜನಕ್ಕೆ ಅದೇ ದೊಡ್ಡ ಸಹಾಯ.

ಆದರೆ ಅವರ ಸಿಟ್ಟಿಗೆ ಕಾರಣವೂ ಇದೆ. ಆಟದ ದುಡ್ಡಿನಲ್ಲಿ ಎಕೆಗೆ 2700, ಕೆವ್ಲಾರ್ (ಮೈಗೆ ಹಾಕುವ ರಕ್ಷಾಕವಚ) ಮತ್ತು ಹೆಲ್ಮೆಟ್‌ಗೆ 1000. ಸೋತ ರೌಂಡಿಗೆ ಸಿಗುವ ದುಡ್ಡು 1400ರಿಂದ 3400ರವರೆಗೆ, ಸೋಲುತ್ತಾ ಹೋದಂತೆ 500ರಂತೆ ಏರುತ್ತದೆ. ನಾಲ್ಕು ಜನ ದುಡ್ಡು ಉಳಿಸಿಕೊಂಡು ಪಿಸ್ತೂಲ್ ಹಿಡಿದಿರುವಾಗ ನೀವೊಬ್ಬರೇ ರಕ್ಷಾಕವಚವಿಲ್ಲದೆ ಎಕೆ ತಗೊಂಡರೆ ಆ ರೌಂಡೂ ಹೋಗುತ್ತದೆ, ಮುಂದಿನ ರೌಂಡಿಗೆ ಎಲ್ಲರೂ ತಗೊಳ್ಳುವಾಗ ನಿಮ್ಮ ಕೈ ಖಾಲಿ. ಎದುರಾಳಿಗೆ ನಿಮ್ಮ ಎಕೆಯೂ ಸಿಗಬಹುದು. ತಗೊಳ್ಳುವ ಮೊದಲು ಸ್ಕೋರ್‌ಬೋರ್ಡ್ ತೆರೆದು ಉಳಿದವರ ದುಡ್ಡು ನೋಡಿ, ಎರಡು ಸೆಕೆಂಡಿನ ಕೆಲಸ. ಅವರು ಉಳಿಸಿದರೆ ನೀವೂ ಉಳಿಸಿ. ಗೊತ್ತಾಗದಿದ್ದರೆ "ತಗೊಳ್ಳೋಣವಾ?" ಅಂತ ಮೈಕ್‌ನಲ್ಲೇ ಕೇಳಿ.