ಎಲ್ಲ ಸರಿಹೋದ ಮೇಲೆ ಮಂಕಾಗುವುದು ಯಾಕೆ?

ಪಕ್ಕದ ಮನೆಗೆ ಬಂದ ನಿರಾಶ್ರಿತ ಕುಟುಂಬದ ಯಜಮಾನರು ಮೊದಲು ಲವಲವಿಕೆಯಿಂದಿದ್ದರು, ಮನೆ, ಕಾಗದಪತ್ರ ಎಲ್ಲ ಆದ ಮೇಲೆ ಮಂಕಾಗಿದ್ದಾರೆ, ಯಾಕೆ ಅಂತ ಕೇಳಿದ್ದೀರಿ. ಇದೇನೂ ಅಪರೂಪವಲ್ಲ. ಜೀವ ಉಳಿಸಿಕೊಳ್ಳುವ ಓಟದಲ್ಲಿ ದುಃಖಪಡಲು ಪುರುಸೊತ್ತೇ ಇರುವುದಿಲ್ಲ. ಓಟ ನಿಂತಾಗ ಎಲ್ಲ ಒಟ್ಟಿಗೆ ಮೇಲೆ ಬರುತ್ತದೆ: ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ‘ನಾನು ಮಾತ್ರ ಪಾರಾದೆ’ ಎಂಬ ಕೊರಗು.

ಆದರೆ ಎಲ್ಲವನ್ನೂ ಯುದ್ಧದ ನೆನಪಿನ ಮೇಲೆ ಹಾಕಬೇಡಿ. ಎಷ್ಟೋ ಸಲ ಹೊಸ ದೇಶದ ಬದುಕೇ ಜಾಸ್ತಿ ಹಿಂಡುತ್ತದೆ. ಅಲ್ಲಿ ಮೇಷ್ಟ್ರಾಗಿದ್ದವರು ಇಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾರೆ. ಮಕ್ಕಳು ಭಾಷೆ ಬೇಗ ಕಲಿತು ಅಪ್ಪನ ಪರವಾಗಿ ಮಾತಾಡುತ್ತಾರೆ. ಮನೆಗೆ ದೊಡ್ಡವರು ಯಾರು ಅನ್ನೋದೇ ತಲೆಕೆಳಗಾಗುತ್ತದೆ. ಊರಲ್ಲಿ ಉಳಿದ ತಮ್ಮ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲದಿದ್ದರೆ ಅಳುವುದಕ್ಕೂ ಆಗುವುದಿಲ್ಲ, ಅಲ್ವಾ? ಇಂಥ ಮುಗಿಯದ ದುಃಖವನ್ನು ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ 1970ರ ದಶಕದಲ್ಲೇ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರಲ್ಲಿ ಗುರುತಿಸಿದ್ದರು.

‘ಏನಾಯಿತು ಹೇಳಿ’ ಅಂತ ಕೆದಕಬೇಡಿ. ಸುಮ್ನೆ ಜೊತೆಗೆ ಕೂತರೂ ಸಾಕು. ವೈದ್ಯರ ಹತ್ತಿರ ಹೋಗುವಾಗ ಮಗನನ್ನು ದುಭಾಷಿ ಮಾಡಬೇಡಿ, ಬೇರೆಯವರನ್ನು ಕೇಳಿ. ಮಗನೆದುರು ಅವರು ಅರ್ಧ ಮುಚ್ಚಿಡುತ್ತಾರೆ. ಉಳಿದರ್ಧ ಆ ಹುಡುಗ ಹೊರಬೇಕಾಗುತ್ತದೆ. ‘ಹುಚ್ಚ ಅಂದುಕೊಳ್ತಾರೆ’ ಎಂಬ ಅಂಜಿಕೆ ಇದ್ದರೆ ನಿದ್ದೆ, ತಲೆನೋವಿನಿಂದ ಮಾತು ಶುರುಮಾಡಿ. ಸಾಯುವ ಮಾತೇನಾದರೂ ಬಂದರೆ ಮಾತ್ರ ಕಾಯಬೇಡಿ, ತಕ್ಷಣ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.